ಖಾಲಿ ಬಿಡದ ಜಾಗ

ನನ್ನ ಗಂಡನನ್ನು ಕಚೇರಿಯಲ್ಲಿ ಎಲ್ಲರೂ ದರ್ಜಿ ಎನ್ನುತ್ತಿದ್ದರು. ಆ ಹೆಸರು ಇಟ್ಟವಳು ನಾನೇ. ಕಣ್ಣಿನ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವರ ಕೆಲಸ. ಏನು ಮಾಡುತ್ತೀರಿ ಎಂದು ಕೇಳಿದರೆ, ಅಕ್ಷರ ಕತ್ತರಿಸುತ್ತೇನೆ, ಜೋಡಿಸುತ್ತೇನೆ, ಅಂಚಿನ ಖಾಲಿ ಜಾಗ ತೆಗೆಯುತ್ತೇನೆ ಎಂದರು. ಹಾಗಾದರೆ ದರ್ಜಿ ಎಂದೆ. ಅದನ್ನು ಅವರೇ ಹೋಗಿ ಕಚೇರಿಯಲ್ಲಿ ಹೇಳಿ ನಗಿಸಿದರು.

ನನಗೆ ಓದು ತಲೆಗೆ ಹತ್ತಿದ್ದು ಅಷ್ಟಕ್ಕಷ್ಟೆ. ಅವರು ಹೇಳಿ ತಿಳಿಸಿದ್ದನ್ನೇ ಬರೆಯುತ್ತೇನೆ.

ರೋಗಿಗಳ ವಿವರ ಇಡುವ ಹಳೆಯ ಡೇಟಾಬೇಸ್ ಬಿಟ್ಟು ಆಸ್ಪತ್ರೆ ಹೊಸದಕ್ಕೆ ಹೋಯಿತು. ಅಕ್ಷರ ಕತ್ತರಿಸುವ, ಜೋಡಿಸುವ ಕೆಲಸಗಳಿಗೆ ಹಳೆಯದರಲ್ಲಿ ಒಂದೊಂದು ಹೆಸರಿತ್ತು. ಹೊಸದಕ್ಕೆ ಆ ಹೆಸರುಗಳ ಪರಿಚಯವಿಲ್ಲ. ಇದ್ದರೂ ನಡೆಯುವ ರೀತಿ ಬೇರೆ. ಇವರು ಅದೇ ಹೆಸರಿನ ಕೆಲಸಗಳನ್ನು ಹೊಸದರಲ್ಲಿ ಮತ್ತೆ ಬರೆದಿಟ್ಟರು. ಡೇಟಾಬೇಸೆಂಬ ಯಜಮಾನ ಬದಲಾದದ್ದು ಹಳೆಯ ಪ್ರೋಗ್ರಾಮುಗಳಿಗೆ ಗೊತ್ತಾಗಬಾರದಂತೆ. ಊಟದ ತಟ್ಟೆಯ ಮುಂದೆಯೂ ಅವರ ಎಡಗೈ ಬೆರಳುಗಳು ಟೈಪ್ ಮಾಡುತ್ತಿದ್ದವು.

ಹೊಸದರ ಪರೀಕ್ಷೆಗೆ ರೋಗಿಗಳ ಹೆಸರು ಬಳಸುವಂತಿರಲಿಲ್ಲ. ಮನೆಯವರ ಹೆಸರು ಹಾಕಿದರು. ಅತ್ತೆ, ಮಾವ, ನಾದಿನಿ, ನಾನು. ನನ್ನ ಅಪ್ಪ ಯಾರೆಂದು ನನಗೆ ಗೊತ್ತಿಲ್ಲ, ಪಕ್ಕದ ಮನೆಯ ದೊಡ್ಡಮ್ಮ ಸಾಕಿದ್ದು. ಎಲ್ಲಿ ಹೋದರೂ ತಂದೆಯ ಹೆಸರಿನ ಜಾಗ ಖಾಲಿ. ಅಲ್ಲಿ ಇವರು ತಮ್ಮ ಹೆಸರು ತುಂಬಿದರು. ಎಲ್ಲ ಹೆಸರೂ ಸರಿಯಾಗಿ ಬಂದವು.

ಹೊಸದು ಶುರುವಾದ ದಿನ ರೋಗಿಗಳು ಕಾಯುವ ಕೋಣೆಯ ಪರದೆಯಲ್ಲಿ ಕೆಲವು ಸಾಲು ಖಾಲಿ ಬಂದವು. ಪರದೆ ಹೆಸರಿಗೆ ತಂದೆಯ ಹೆಸರು ಜೋಡಿಸಿ ತೋರಿಸಬೇಕು. ತಂದೆಯ ಜಾಗ ಖಾಲಿ ಇದ್ದರೆ ಹಳೆಯದು ಇರುವ ಹೆಸರನ್ನಾದರೂ ತೋರಿಸುತ್ತಿತ್ತು. ಹೊಸದರಲ್ಲಿ ಒಂದು ಇಲ್ಲವೆಂದರೆ ಇನ್ನೊಂದೂ ಇಲ್ಲ. ನರ್ಸ್ ಖಾಲಿ ಸಾಲು ದಾಟಿ ಮುಂದಿನವರನ್ನು ಕರೆದಳು.

ಅಂಥ ಖಾಲಿ ಸಾಲಿನವಳು, ಅಂಗಡಿಗಳಲ್ಲಿ ಕಸ ಗುಡಿಸುವ ಒಬ್ಬ ಅಜ್ಜಿ, ಆಪರೇಷನ್ನಿಗೆಂದು ಹಸಿದ ಹೊಟ್ಟೆಯಲ್ಲಿ ಬಂದು ಸಂಜೆಯವರೆಗೂ ಕೂತಿದ್ದಳು. ಕಣ್ಣಿನೊಳಗೆ ಒತ್ತಡ ಏರಿತ್ತು. ತನ್ನನ್ನು ಬೇಡವೆಂದರು ಅಂದುಕೊಂಡು ಎದ್ದು ಹೋದವಳು ಬಹಳ ದಿನ ಆ ಕಡೆ ಸುಳಿಯಲಿಲ್ಲ. ಮತ್ತೆ ಬಂದಾಗ ಆ ಕಣ್ಣು ಹೋಗಿತ್ತು.

ಇವರು ಹೊಸದು ಶುರುವಾದ ದಿನ ರಾತ್ರಿಯೇ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಸರಿಮಾಡಿದ್ದರು. ತಪ್ಪು ತಮ್ಮದೆಂದು ಮೇಲಿನವರಿಗೂ ಹೇಳಿದ್ದರು. ಇಂಥದ್ದೆಲ್ಲ ಆಗುತ್ತದೆ ಎಂದರು ಮೇಲಿನವರು. ಹೇಗೂ ಹೋಗುವ ಕಣ್ಣಾಗಿತ್ತೇನೋ ಎಂದರು ಡಾಕ್ಟರು. ಇವರ ಮನಸ್ಸಿಗೆ ಯಾವುದೂ ನಾಟಲಿಲ್ಲ.

“ನಿನ್ನ ಅಪ್ಪನ ಜಾಗ ಖಾಲಿ ಬಿಟ್ಟಿದ್ರೆ ಪರೀಕ್ಷೆಯಲ್ಲೇ ಗೊತ್ತಾಗ್ತಿತ್ತು ಕಣೆ,” ಎಂದರು. “ಬಿಡೋಕೆ ಮನಸ್ಸು ಬರ್ಲಿಲ್ಲ.”

ಆಮೇಲೆ ದಿನಾ ಕೆಲಸ ಮುಗಿಸಿ ಅಜ್ಜಿ ಒಬ್ಬಳೇ ವಾಸವಿದ್ದ ಕೋಣೆಗೆ ಹೋಗಿ, ಉಳಿದ ಕಣ್ಣಿಗೆ ಹನಿ ಹಾಕಿ ಬರುತ್ತಿದ್ದರು. ಆಸ್ಪತ್ರೆಯವನು, ದರ್ಜಿ ಎನ್ನುತ್ತಾರೆ ಎಂದಷ್ಟೇ ಹೇಳಿದ್ದರು. ತಪ್ಪು ಯಾರದೆಂದು ಅಜ್ಜಿಗೆ ಹೇಳಿಬಿಡಿ ಎಂದು ನಾನು ಪೀಡಿಸುತ್ತಿದ್ದೆ. ಬಾಯಿಗೆ ಬಂತು, ಅಷ್ಟರಲ್ಲಿ ಟೀ ಕೊಟ್ಟಳು, ನುಂಗಿಕೊಂಡೆ ಎನ್ನುತ್ತಿದ್ದರು. ನುಂಗಿಕೊಂಡೇ ಹೋದರು. ಎದೆನೋವೆಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ನನ್ನ ಅಳು ನಿಂತಿರಲಿಲ್ಲ. ಆದರೆ ಹನಿ ನಿಲ್ಲಬಾರದಲ್ಲ. ನಾನೇ ಹೋದೆ. ಕಿರಿದಾದ ಮೆಟ್ಟಿಲು, ಬಾಗಿಲ ಹಿಂದೆ ಪೊರಕೆ, ಒಂದು ಮಂಚ. ದರ್ಜಿಯ ಹೆಂಡತಿ ಎಂದೆ. ಅವನು ಬರದ ಮೇಲೆ ಪಕ್ಕದ ಮನೆಯವಳು ಹನಿಯನ್ನು ಮೂಗಿಗೇ ಬಿಡುತ್ತಾಳೆ, ನಿನ್ನ ಗಂಡ ಎಲ್ಲಿ ಎಂದು ಅಜ್ಜಿ ಕೇಳಿದಳು. ಹೋಗಿಬಿಟ್ಟರು ಎಂದೆ. ನನ್ನ ಕೈ ಹಿಡಿದುಕೊಂಡಳು. ಹಿಡಿಸಿಕೊಂಡು ಸುಮ್ಮನೆ ಕೂರಲಾಗಲಿಲ್ಲ.

“ಅಜ್ಜಿ, ಅವತ್ತು ನಿನ್ನ ಹೆಸರು ಕರೀದೆ ಹೋಗಿದ್ದು ಅವರ ತಪ್ಪಿಂದ.”

ಹೇಗೆಂದೂ ಹೇಳಿದೆ. ಅಜ್ಜಿ ಕೈ ಬಿಟ್ಟಳು.

“ಅವನು ಇದ್ದಾಗ ಹೇಳಿದ್ರೆ ಬಾಯ್ತುಂಬ ಬಯ್ತಿದ್ದೆ. ಬೈಸ್ಕೊಂಡು ಮನೆಗೆ ಹೋಗಿ ನಿದ್ದೆ ಮಾಡ್ತಿದ್ದ. ಈಗ ಯಾರನ್ನ ಬಯ್ಯಲಿ?”

“ನನ್ನನ್ನೇ ಬಯ್ಯಿ.”

ಬೈದಳು. ಹೋದ ಕಣ್ಣಿಗೆ, ಆ ದಿನದ ಹಸಿವಿಗೆ, ತನ್ನ ಟೀ ಕುಡಿದು ಸುಮ್ಮನಿದ್ದ ಬಾಯಿಗೆ. ಅವರು ಕೇಳಬೇಕಾಗಿದ್ದದ್ದನ್ನು ನಾನು ತಲೆ ತಗ್ಗಿಸಿ ಪೂರ್ತಿ ಕೇಳಿದೆ. ಸುಸ್ತಾದ ಮೇಲೆ ಅಜ್ಜಿ ಗೋಡೆಗೆ ಒರಗಿ ಮುಖ ಮೇಲೆತ್ತಿದಳು.

“ಹಾಕು. ಮೂಗಿಗಲ್ಲ.”

ಹಾಕಿದೆ.