ಮೂರು ಮತ್ತು ಎಂಟರ ಸಂತೆ

ಅಜ್ಜನ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೆ ಸೀಳಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ಬಾತುಕೋಳಿ ಕಡಿಯುವಾಗ ಕತ್ತಿ ಜಾರಿ ಆದ ಗಾಯವಂತೆ. ಉಗುರು ಮತ್ತೆ ಕೂಡಿಕೊಳ್ಳಲೇ ಇಲ್ಲ. ಬಲಗೈ ಎಂದು ನಾನು, ಎಡಗೈ ಎಂದು ನನ್ನ ಹೆಂಡತಿ. ಕತ್ತಿ ಹಿಡಿದ ಕೈಗೇ ಗಾಯವಾಗುವುದು ಹೇಗೆ ಎಂದು ಅವಳು ಕೇಳುತ್ತಾಳೆ. ಆದರೂ, ಆ ಉಗುರಿನಿಂದ ಕಾಗದದ ಮೇಲೆ ಗೆರೆ ಒತ್ತಿ, ಆಮೇಲೆ ಅದರ ಗುಂಟ ಪೆನ್ಸಿಲ್ ಎಳೆಯುತ್ತಿದ್ದ ಅವರನ್ನು ನೆನೆದಾಗಲೆಲ್ಲ ನನಗೆ ಬಲಗೈಯೇ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಕೆಳಗಿನ ಮನೆ. ದಕ್ಷಿಣ ಚೀನಾದ ಒಂದು ಸಣ್ಣ ಊರಿನಿಂದ ಬಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಹಳ ವರ್ಷ ಅಡುಗೆ ಕೆಲಸ ಮಾಡಿ, ವಯಸ್ಸಾದ ಮೇಲೆ ಮಗಳೊಂದಿಗೆ ಇದ್ದರು. ನಾವು ಅವರನ್ನು ಅಜ್ಜ ಎನ್ನುತ್ತಿದ್ದೆವು. ಅವರು ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು, ಮಂಡಿನೋವಿಗೆ ಔಷಧಿ ಕೇಳುತ್ತಿದ್ದರು. ನಾನು ವೈದ್ಯನಲ್ಲ, ಲ್ಯಾಬಿನಲ್ಲಿ ಬೇರೆಯವರ ಫಲಿತಾಂಶಗಳಲ್ಲಿ ತಪ್ಪು ಹುಡುಕುವುದಷ್ಟೇ ನನ್ನ ಕೆಲಸ ಎಂದು ಒಮ್ಮೆ ವಿವರಿಸಿದೆ.

"ಅದಕ್ಕೂ ಸಂಬಳ ಕೊಡ್ತಾರಾ? ನನ್ನ ಹೆಂಡ್ತಿ ಪುಕ್ಕಟೆ ಮಾಡ್ತಿದ್ಲು" ಎಂದು ನಕ್ಕರು.

ನಮ್ಮ ಮಾತೆಲ್ಲ ಹರಕು ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಅದು ಯಾವಾಗಲೋ ಕನ್ನಡವಾಗಿಬಿಟ್ಟಿದೆ.

ತರಕಾರಿಗೆ ಅವರು ಹೋಗುತ್ತಿದ್ದುದು ಚೀನೀ ಪಂಚಾಂಗದಲ್ಲಿ ಮೂರು ಅಥವಾ ಎಂಟರಿಂದ ಕೊನೆಯಾಗುವ ತಾರೀಖುಗಳಲ್ಲಿ ಮಾತ್ರ. ಅವರ ಊರಿನ ಸಂತೆ ಅಂದು. ಹೊಳೆಯ ಕೆಳಗಿನ ಊರಿಗೆ ಒಂದು ಮತ್ತು ಆರು, ಗುಡ್ಡದಾಚೆಯ ಊರಿಗೆ ನಾಲ್ಕು ಮತ್ತು ಒಂಬತ್ತು. ವ್ಯಾಪಾರಿಗಳು ಒಂದು ಸಂತೆ ಮುಗಿಸಿ ಇನ್ನೊಂದಕ್ಕೆ ನಡೆದು ಹೋಗಲಿ ಎಂಬ ಏರ್ಪಾಡು. ಇಲ್ಲಿನ ಅಂಗಡಿ ದಿನವೂ ತೆರೆದಿರುತ್ತದಲ್ಲ ಎಂದರೆ, "ತೆರೆದಿರ್ಲಿ. ಇವತ್ತು ಸಂತೆ ಇಲ್ಲ" ಎನ್ನುತ್ತಿದ್ದರು.

ಅವರ ತಾಯಿಯ ಸಮಾಧಿ ಆ ಊರಿನ ಗುಡ್ಡದ ಮೇಲಿತ್ತು. ವಸಂತದಲ್ಲೊಂದು ದಿನ ಹಿರಿಯರ ಸಮಾಧಿಯ ಹುಲ್ಲು ಕಿತ್ತು, ಹಣ್ಣಿಟ್ಟು ಕೈಮುಗಿಯುವುದು ಅವರ ಪದ್ಧತಿ. ಅದನ್ನು ಮಾಡುತ್ತಿದ್ದ ಸಂಬಂಧಿ ತೀರಿಕೊಂಡಿದ್ದ. ಇವರ ಮಂಡಿಗಳು ಗುಡ್ಡ ಹತ್ತಲಾರವು. ಮಗಳು ಹೋಗಲು ಒಪ್ಪಿದ್ದಳು. ಆದರೆ ಇಲ್ಲೇ ಹುಟ್ಟಿದ ಅವಳು ಆ ಊರು ಕಂಡವಳಲ್ಲ, ಕಲ್ಲಿನ ಮೇಲಿನ ಅಕ್ಷರ ಓದಬಲ್ಲವಳೂ ಅಲ್ಲ. ಅದಕ್ಕೇ ನಕ್ಷೆ.

ಗ್ರೋಸರಿಯ ಕಂದು ಕಾಗದದ ಚೀಲವನ್ನು ಕತ್ತರಿಸಿ ಹರಡಿಕೊಂಡು ಬರೆದರು. ಹೊಳೆ, ದೋಣಿಕಟ್ಟೆ, ಕಂಬಗಳ ಜಗಲಿಯಿರುವ ಸಂತೆಬೀದಿ, ಮನೆಗಳ ಮುಂದೆ ಅರ್ಧಚಂದ್ರದಂಥ ಕೆರೆ. ಹಿಂದಿನ ಕಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ದುಡಿಯಲು ಬಂದವರು ಊರಿಗೆ ಕಳಿಸಿದ ದುಡ್ಡಿನಲ್ಲಿ ಎದ್ದ ಮೂರು ಕಾವಲುಗೋಪುರಗಳು. ದರೋಡೆಕೋರರು ಬಂದರೂ ಹೊಳೆ ಉಕ್ಕಿದರೂ ಊರು ಏರಿ ಕೂರುತ್ತಿದ್ದುದು ಅವುಗಳಲ್ಲೇ. ಯುದ್ಧದಲ್ಲಿ ಜಪಾನಿ ಸೈನಿಕರು ಬಂದಾಗ ಅವರ ತಾಯಿ ಅಡಗಿದ್ದುದು ಮೂರನೆಯದರಲ್ಲಿ. ಮುಂದೆ ಹೆದ್ದಾರಿ ದೂರದಿಂದ ಹಾದುಹೋಯಿತು, ದೋಣಿಗಳು ನಿಂತವು. "ಊರು ಅಲ್ಲೇ ಇದೆ ಡಾಕ್ಟರ್, ದಾರಿ ಎದ್ದು ಹೋಯ್ತು" ಎಂದಿದ್ದರು.

ಮೂರನೆಯ ಗೋಪುರದ ಹಿಂದಿನ ಗುಡ್ಡದಲ್ಲಿ ಒಂದು ಸಣ್ಣ ವೃತ್ತ. ತಾಯಿ ಗಂಜಿ ಕುಡಿಯುತ್ತಿದ್ದ ನೀಲಿ ಅಂಚಿನ ಬಟ್ಟಲನ್ನು ಅವರು ಸಮಾಧಿಯ ಬುಡದಲ್ಲಿ ಗಾರೆ ಹಾಕಿ ಕೂರಿಸಿದ್ದರಂತೆ. ಅದೇ ಗುರುತು.

ನಾನು ಸುಮ್ಮನಿರಬಹುದಿತ್ತು. ಊರಿನ ಹೆಸರು ಕೇಳಿ, ಉಪಗ್ರಹದ ಚಿತ್ರವನ್ನು ಪ್ರಿಂಟು ತೆಗೆದು ಅವರ ಮುಂದಿಟ್ಟೆ.

"ಅಜ್ಜ, ನೀವು ಹೊಳೆಯನ್ನ ಮೇಲೆ ಬರ್ದಿದ್ದೀರಿ. ಇಲ್ಲಿ ನೋಡಿ, ಕೆಳಗಿದೆ. ಗುಡ್ಡ ಮೇಲಿದೆ. ಎಲ್ಲ ಅದಲುಬದಲಾಗಿದೆ."

ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು. "ಆ ಹೊಳೇಲಿ ನಾನು ಈಜಿದ್ದೀನಿ."

"ಎಷ್ಟು ವರ್ಷದ ಹಿಂದಿನ ಮಾತು! ನೆನಪು ಎಲ್ಲರಿಗೂ ಮೋಸ ಮಾಡತ್ತೆ."

ಸಮಾಧಾನಕ್ಕೆಂದೇ ಹೇಳಿದ್ದೆ. ಅವರು ನಕ್ಷೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. "ನೀನು ಓದಿದವನು" ಎಂದರು. ಆ ವಸಂತದಲ್ಲಿ ಮಗಳು ಹೋಗಲಿಲ್ಲ.

ತಿಂಗಳುಗಳು ಕಳೆದು, ಒಂದು ಭಾನುವಾರ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೆ. ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಯ ಕೈಗೆ ಪ್ರಿಂಟು ಕೊಟ್ಟು, ಅಜ್ಜನ ತಪ್ಪು ಎಲ್ಲಿದೆ ನೋಡು ಎಂದೆ. ಅವಳು ಕೈಯಲ್ಲಿದ್ದುದನ್ನೂ ಮೇಜಿನ ಮೇಲಿದ್ದುದನ್ನೂ ನೋಡಿದಳು.

"ಎಲ್ರೀ ತಪ್ಪು? ಎರಡೂ ಒಂದೇ ಥರ ಇದೆಯಲ್ಲ. ಈ ಕಡೆ ಬಂದು ನೋಡಿ."

ಎದ್ದು ಮೇಜು ಸುತ್ತಿ ಬಂದೆ. ಹೊಳೆ, ಕೆರೆ, ಗೋಪುರ, ಗುಡ್ಡ ಎಲ್ಲವೂ ತಮ್ಮ ಜಾಗದಲ್ಲಿದ್ದವು. ಆ ಊರಿನ ಮನೆಗಳ ಬಾಗಿಲು ದಕ್ಷಿಣಕ್ಕೆ. ಅಜ್ಜ ತಮ್ಮ ಹೊಸ್ತಿಲಲ್ಲಿ ನಿಂತು ಬರೆದಿದ್ದರು: ಎದುರಿಗೆ ಕಂಡ ಹೊಳೆ ಮೇಲೆ, ಬೆನ್ನ ಹಿಂದಿನ ಗುಡ್ಡ ಕೆಳಗೆ. ಎಲ್ಲದಕ್ಕೂ ಸಾಕ್ಷಿ ಕೇಳುವ ನಾನು, ನಕ್ಷೆಯಲ್ಲಿ ಮೇಲಿರುವುದೇ ಉತ್ತರ ದಿಕ್ಕು ಎಂಬುದನ್ನು ಮಾತ್ರ ಯಾರನ್ನೂ ಕೇಳದೆ ನಂಬಿದ್ದೆ.

"ನಿಂತೇ ಇದ್ದೀರಲ್ಲ! ಹೋಗಿ ಹೇಳಿ ಮೊದ್ಲು" ಎಂದಳು.

ಕೆಳಗೆ ಓಡಿದೆ. ಅಜ್ಜ ಪೂರ್ತಿ ಕೇಳಿಸಿಕೊಂಡರು. ಹಿಗ್ಗಲಿಲ್ಲ.

"ಹೊಳೆ ಸರಿ ಇರಬಹುದು. ಬಟ್ಟಲು? ಈಗ ನಂಗೇ ಅನುಮಾನ. ಮಗಳು ಅಷ್ಟು ದೂರ ಹೋಗಿ ಬೇರೆ ಯಾರದೋ ಅಮ್ಮನಿಗೆ ಕೈಮುಗಿದು ಬಂದ್ರೆ?"

ಎಷ್ಟು ಹೇಳಿದರೂ ಒಪ್ಪದೆ ತಲೆಯಾಡಿಸಿದರು. ಅನುಮಾನ ಕೊಡುವುದು ನನಗೆ ಬರುತ್ತಿತ್ತು. ವಾಪಸು ತೆಗೆದುಕೊಳ್ಳುವುದು ಬರಲಿಲ್ಲ. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಮುಂದಿನ ವಸಂತದಲ್ಲಿ ಅವರ ಮಗಳು ಮೇಲೆ ನಮ್ಮ ಮನೆಗೆ ಬಂದು ನಕ್ಷೆ ಕೇಳಿ ಪಡೆದಳು. ಎರಡು ವಾರದ ಮೇಲೆ ನನ್ನ ಫೋನಿಗೆ ಒಂದು ಫೋಟೋ ಬಂತು. ಕಿತ್ತು ರಾಶಿ ಹಾಕಿದ ಹುಲ್ಲು, ಮೂರು ಕಿತ್ತಳೆ, ಪಾಚಿ ಒರೆಸಿದ ಒಂದು ನೀಲಿ ಅಂಚು. ಜೊತೆಗೆ ಒಂದೇ ಸಾಲು: ಅಪ್ಪ ಬರೆದಲ್ಲೇ ಇದೆ.

ಇದನ್ನು ಕೇಳಬೇಕಾಗಿದ್ದವರು ಅವರೊಬ್ಬರೇ.

ಇಂದು ಅವರ ಲೆಕ್ಕದಲ್ಲಿ ಎಂಟು. ಚೀಲ ಹಿಡಿದು ಹೊರಟವನಿಗೆ ಹೆಂಡತಿ, "ಅಜ್ಜ ತರ್ತಿದ್ರಲ್ಲ, ಆ ಸೊಪ್ಪು ತನ್ನಿ. ಹೆಸ್ರು ಗೊತ್ತಿಲ್ಲ, ನೋಡಿದ್ರೆ ಗೊತ್ತಾಗತ್ತೆ" ಎಂದಳು. ಮೆಟ್ಟಿಲಿಳಿದು, ಅವರ ಬಾಗಿಲಿಗೆ ಬೆನ್ನು ಮಾಡಿ ಒಂದು ಗಳಿಗೆ ನಿಂತೆ. ಎದುರಿಗೆ ಕಾರುಗಳು, ರಸ್ತೆ, ಅದರಾಚೆ ಅಂಗಡಿ. ಹಿಂದೆ ಗುಡ್ಡ.