ಮುಂಡರಗಿಯಿಂದ ಬಂದ ಫೋನು

ಗದಗ-ಬೆಟಗೇರಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನಾನು ನರ್ಸುಗಳ ಮುಖ್ಯಸ್ಥೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ನಮ್ಮ ಸಣ್ಣ ಶಾಖೆಗಳಿವೆ. ರೋಗಿ ಯಾವ ಶಾಖೆಗೆ ಹೋದರೂ ಅವರ ಹಳೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಔಷಧಿಯ ವಿವರ ಅಲ್ಲಿನ ಕಂಪ್ಯೂಟರಿನಲ್ಲಿ ಸಿಗುತ್ತದೆ. ಆ ಕಂಪ್ಯೂಟರುಗಳನ್ನೆಲ್ಲ ಕಾಯುವ ಹೆಣ್ಣುಮಗಳೊಬ್ಬಳ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಆಕೆ ಲಕ್ಷ್ಮೇಶ್ವರದವಳು. ತಂದೆಗೆ ಅಲ್ಲಿನ ಬಜಾರಿನಲ್ಲಿ ಬಟ್ಟೆ ಅಂಗಡಿ. ಇಂಜಿನಿಯರಿಂಗ್ ಓದಿ, ಮದುವೆಯಾಗಿ ಬೆಟಗೇರಿಗೆ ಬಂದು ನಮ್ಮಲ್ಲಿ ಕೆಲಸಕ್ಕೆ ಸೇರಿದಳು. ಸೇರಿದ ಹೊಸತರಲ್ಲಿ ಆಕೆಯನ್ನು ಕಂಡರೆ ಎಲ್ಲರಿಗೂ ಒಂದಿಷ್ಟು ಕಿರಿಕಿರಿ. ಪೆನ್‌ಡ್ರೈವ್ ಹಾಕುವಂತಿಲ್ಲ. ಪಾಸ್‌ವರ್ಡ್ ಕೊಟ್ಟ ಮೇಲೆ ಮೊಬೈಲಿಗೆ ಬರುವ ಇನ್ನೊಂದು ಸಂಖ್ಯೆಯನ್ನೂ ಒತ್ತಬೇಕು. ಸಂಜೆಯಾದರೆ ಎಲ್ಲ ಮಾಹಿತಿಯ ಬ್ಯಾಕಪ್ ತೆಗೆದು, ಆ ಡಿಸ್ಕಿನ ತಂತಿ ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕುವಳು. ಇನ್ನೊಂದು ಪ್ರತಿ ಲಕ್ಷ್ಮೇಶ್ವರದ ಶಾಖೆಯಲ್ಲಿ ಇರುತ್ತಿತ್ತು.

“ತಂತಿ ಕಿತ್ತಿಟ್ಟಿದ್ದಕ್ಕ ಯಾವ ವೈರಸ್ಸೂ ಬರಾಕ ಆಗಂಗಿಲ್ರಿ ಅಕ್ಕಾರ,” ಎಂದು ನನಗೆ ತಿಳಿಸಿ ಹೇಳಿದ್ದಳು.

ಆಗಾಗ ಒಂದು ಮಧ್ಯಾಹ್ನ ಎಲ್ಲ ಕಂಪ್ಯೂಟರು ಬಂದಾಗಿವೆ ಎಂದು ತಿಳಿದುಕೊಂಡು, ಕಾಗದದ ಮೇಲೆ ಬರೆದು ಆಸ್ಪತ್ರೆ ನಡೆಸಿ ನೋಡೋಣ ಅನ್ನುವಳು. ಹಿರಿಯ ಡಾಕ್ಟರೊಬ್ಬರು ಒಮ್ಮೆ ರೇಗಿದರು.

“ಏನವಾ, ಇದು ದವಾಖಾನಿಯೋ ನಾಟಕ ಕಂಪನಿಯೋ?”

“ನಾಟಕಕ್ಕೂ ತಾಲೀಮು ಬೇಕಲ್ರಿ ಸಾಹೇಬ್ರ,” ಎಂದು ಆಕೆ ನಕ್ಕಳು. ಡಾಕ್ಟರೂ ನಕ್ಕುಬಿಟ್ಟರು.

ಶಾಖೆಶಾಖೆಗೂ ಹೋಗಿ ಆಕೆ ಸಿಬ್ಬಂದಿಗೆ ಹೇಳುತ್ತಿದ್ದುದು ಮಾತ್ರ ಒಂದೇ ಮಾತು: “ಏನರ ತಪ್ಪಾದ್ರ ಮೊದಲ ನನಗ ಫೋನ್ ಮಾಡ್ರಿ. ನಾ ಬೈಯಂಗಿಲ್ಲ. ಮುಚ್ಚಿಟ್ರ ಮಾತ್ರ ಉಳಸಾಕ ಆಗಂಗಿಲ್ಲ.”

ಒಂದು ಸೋಮವಾರ ಬೆಳಿಗ್ಗೆ ನಾನು ಆಕೆಯ ಕೋಣೆಯಲ್ಲಿದ್ದೆ. ವಾರ್ಡಿನ ಪ್ರಿಂಟರ್ ಕೆಟ್ಟಿತ್ತು, ಅದನ್ನು ಹೇಳಲು ಹೋಗಿದ್ದೆ. ಆಗ ಮುಂಡರಗಿ ಶಾಖೆಯಿಂದ ಫೋನು ಬಂತು. ಅಲ್ಲಿ ರೋಗಿಗಳ ಹೆಸರು ನೋಂದಾಯಿಸುವ ಹುಡುಗಿ ಅಳುತ್ತಿದ್ದದ್ದು ನನಗೂ ಕೇಳಿಸಿತು.

“ಮೇಡಂ, ಔಷಧ ಕಂಪನಿ ಬಿಲ್ ಅಂತ ಮೇಲ್ ಬಂದಿತ್ರಿ. ತಗದ್ನ್ರಿ. ಈಗ ಒಂದೂ ಫೈಲ್ ತೆರೀವಲ್ವು. ರೊಕ್ಕ ಕೊಡ್ರಿ ಅಂತ ಇಂಗ್ಲಿಷ್‌ನ್ಯಾಗ ಏನೋ ಬಂದೈತ್ರಿ. ನನ್ನಿಂದ ತಪ್ಪಾತ್ರಿ.”

“ಅಳಬ್ಯಾಡವಾ. ಫೋನ್ ಮಾಡಿದ್ದು ಛಲೋ ಆತು. ಮಶೀನ್ ಹಿಂದ ಇಂಟರ್ನೆಟ್ಟಿನ ನೀಲಿ ವೈರ್ ಐತಲ್ಲ, ಅದನ್ನ ಕಿತ್ತು ತಗಿ. ಬಾಜೂಕಿನ ಎಲ್ಲಾ ಮಶೀನಿಂದೂ ತಗಿ. ಬಂದ್ ಮಾಡಬ್ಯಾಡ, ಹಂಗ ಬಿಡು.”

ಆ ದನಿಯಲ್ಲಿ ಗಾಬರಿಯ ಸುಳಿವೇ ಇರಲಿಲ್ಲ. ಆದರೆ ಆಕೆಯ ಬಲಗೈ ಆಗಲೇ ಮುಂಡರಗಿಗೂ ನಮಗೂ ಇದ್ದ ಕಂಪ್ಯೂಟರ್ ಸಂಪರ್ಕವನ್ನು ಕಡಿದು ಹಾಕುತ್ತಿತ್ತು. ಆಮೇಲೆ ಶಿರಹಟ್ಟಿಗೆ, ಲಕ್ಷ್ಮೇಶ್ವರಕ್ಕೆ ಫೋನು. ನನ್ನ ಕಡೆ ತಿರುಗಿ, “ಅಕ್ಕಾರ, ಎಲ್ಲಾ ಕಡೆ ಕಾಗದದ ಮ್ಯಾಲೆ ನಡಸ್ರಿ,” ಅಂದಳು.

ನಾನು ಓಡಿದೆ. ಹೊರರೋಗಿಗಳ ವಿಭಾಗದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ನರ್ಸುಗಳು ಚೀಟಿಗಳನ್ನು ಹೊರತೆಗೆದು, ಕೈಯಲ್ಲೇ ಬರೆಯುತ್ತ ಕೆಲಸ ಮುಂದುವರಿಸಿದರು. ಸಾಲು ನಿಧಾನವಾಯಿತು, ಕೆಲವರು ಗೊಣಗಿದರು, ಆದರೆ ಯಾರನ್ನೂ ಮನೆಗೆ ಕಳಿಸಬೇಕಾಗಲಿಲ್ಲ.

ಮಧ್ಯಾಹ್ನ ಆಡಳಿತ ಮಂಡಳಿಯ ಸಭೆ ಸೇರಿತು, ನನ್ನನ್ನೂ ಕರೆದಿದ್ದರು. ಸದಸ್ಯರೊಬ್ಬರು, “ಆ ಕಳ್ಳರು ಕೇಳಿದಷ್ಟು ರೊಕ್ಕ ಕೊಟ್ಟು ಮುಗಸೂಣ್ರಿ, ಮಂದಿಗೆ ಖಬರ ಆಗೂದು ಬ್ಯಾಡ,” ಎಂದರು.

“ಕೊಟ್ಟ ಮ್ಯಾಲೂ ಅವ್ರು ಫೈಲಿಗೆ ಹಾಕಿದ ಬೀಗ ತಗೀತಾರಂತ ಯಾರ ಹೇಳಬೇಕ್ರಿ? ನಮ್ಮ ಹತ್ರ ಬ್ಯಾಕಪ್ ಐತಿ. ಅದನ್ನ ತಗದು, ಸರಿ ಐತಿ ಅಂತ ಖಾತ್ರಿ ಮಾಡಿಕೊಂಡಽ ಇಲ್ಲಿಗೆ ಬಂದೇನಿ. ಪೊಲೀಸರಿಗೂ ತಿಳಿಸೇನ್ರಿ,” ಎಂದು ಆಕೆ ಹೇಳಿದಳು.

ಅಧ್ಯಕ್ಷರ ಸಿಟ್ಟು ಬೇರೆ ಕಡೆಗಿತ್ತು. “ಆ ಮೇಲ್ ತಗದವ್ರು ಯಾರು? ಹೆಸರ ಹೇಳ್ರಿ ಮೊದಲ.”

ನನಗೆ ಹೆಸರು ಗೊತ್ತಿತ್ತು. ಆಕೆ ಎದ್ದು ನಿಂತಳು.

“ಹೆಸರ ಹೇಳಂಗಿಲ್ರಿ ಸಾಹೇಬ್ರ. ಅವ್ರು ಕೂಡ್ಲೇ ಫೋನ್ ಮಾಡಿದ್ದಕ್ಕ ಗದಗ ಉಳೀತು, ಶಿರಹಟ್ಟಿ ಉಳೀತು. ಮಧ್ಯಾಹ್ನದ ತನಕ ಅಂಜಿಕೊಂಡು ಕುಂತಿದ್ರ ಎಲ್ಲಾ ಹೋಗತಿತ್ತು. ಇವತ್ತ ಅವ್ರಿಗೆ ಶಿಕ್ಷಾ ಕೊಟ್ರ, ನಾಳೆ ಇಂಥಾದ್ದು ಆದಾಗ ಒಬ್ರೂ ಬಾಯಿ ಬಿಡಂಗಿಲ್ಲ. ಮೇಲ್ ತಡೀಬೇಕಾಗಿದ್ದು ನನ್ನ ಕೆಲಸ. ಕೇಳೂದಿದ್ರ ನನ್ನ ಕೇಳ್ರಿ.”

ಅಧ್ಯಕ್ಷರು ಆಕೆಯನ್ನೇ ದಿಟ್ಟಿಸಿ ನೋಡಿದರು. ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿಕೊಂಡರು. “ಆತು. ಮುಂದೇನು ಮಾಡೋಣು, ಅದನ್ನ ಹೇಳ್ರಿ,” ಎಂದರು. ಅಷ್ಟು ದೊಡ್ಡವರು ಅಷ್ಟು ಬೇಗ ಸಿಟ್ಟು ಇಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಆಸ್ಪತ್ರೆಯ ಜೀಪಿನಲ್ಲಿ ಇಬ್ಬರೂ ಮುಂಡರಗಿಗೆ ಹೋದೆವು. ಆಕೆ ಕಾಲಿಟ್ಟೊಡನೆ ಆ ಹುಡುಗಿ ಗೋಡೆಗೆ ಒತ್ತಿ ನಿಂತಳು. ಕಣ್ಣುಗಳು ಬಾತುಕೊಂಡಿದ್ದವು. ಆಕೆ ಹತ್ತಿರ ಹೋಗಿ, ಎಲ್ಲರೆದುರೇ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟಳು.

“ನಾಷ್ಟಾ ಮಾಡಿಯೋ ಇಲ್ಲೋ? ಮೊದಲ ತಿಂದು ಬಾ. ನನಗ ಇವತ್ತ ನೀನಽ ಬೇಕು.”

ದಿನವಿಡೀ ಇಬ್ಬರೂ ಕೂತು ಕೆಲಸ ಮಾಡಿದರು. ಪೊಲೀಸರಿಗೆ ಬೇಕಾದುದನ್ನು ತೆಗೆದಿಟ್ಟ ಮೇಲೆ ಅಲ್ಲಿನ ಯಂತ್ರಗಳನ್ನು ಪೂರ್ತಿ ಅಳಿಸಿದರು, ಹೊಸದಾಗಿ ಎಲ್ಲ ತುಂಬಿದರು, ಪಾಸ್‌ವರ್ಡುಗಳನ್ನು ಬದಲಾಯಿಸಿದರು. ಆಮೇಲೆ ಬ್ಯಾಕಪ್ಪಿನಿಂದ ಹಳೆಯ ಮಾಹಿತಿ ಒಂದೊಂದಾಗಿ ಮರಳಿ ಬಂತು. ಹೋದದ್ದು ಸೋಮವಾರ ಬೆಳಗಿನ ಕೆಲವು ನೋಂದಣಿಗಳು ಮಾತ್ರ. ಆ ರೋಗಿಗಳನ್ನು ವಿಚಾರಿಸಿ ಹುಡುಗಿಯೇ ಮತ್ತೆ ಬರೆದಳು. ಹೊಳೆದಂಡೆಯ ಊರಿನಿಂದ ಮುರಿದ ಕಾಲು ತೋರಿಸಲು ಬಂದಿದ್ದ ಅಜ್ಜಿಯ ಹಳೆಯ ಎಕ್ಸ್‌ರೇ ಪರದೆಯ ಮೇಲೆ ಮೂಡಿದಾಗ, ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಜ್ಜಿಗೆ ಏನೂ ತಿಳಿಯಲಿಲ್ಲ.

“ಯಾಕವಾ, ನನ್ನ ಎಲುಬು ಅಷ್ಟು ಛಂದ ಅದಾವೇನು?”

ಮುಂದೆ ಮಂಡಳಿಯವರು ಹಳೆಯ ಯಂತ್ರಗಳನ್ನು ತೆಗೆದು ಹೊಸವನ್ನು ಕೊಡಿಸಿದರು. ಒಂದು ಶಾಖೆಗೆ ತೊಂದರೆಯಾದರೆ ಇನ್ನೊಂದಕ್ಕೆ ಹರಡದಂತೆ ಆಕೆ ನಾಲ್ಕೂ ಊರುಗಳ ಜಾಲವನ್ನು ಬೇರೆಬೇರೆ ಮಾಡಿದಳು. ಆ ಹುಡುಗಿ ಇಂದಿಗೂ ಅದೇ ಕೌಂಟರಿನಲ್ಲಿದ್ದಾಳೆ.

ನನಗೆ ಹೆಚ್ಚು ನೆನಪಾಗುವುದು ಅಂದು ಸಂಜೆ ನಾವು ಮುಂಡರಗಿಯಿಂದ ಮರಳಿದ್ದು. ಕಪ್ಪತಗುಡ್ಡದ ಮೇಲೆ ಬಿಸಿಲು ಕೆಂಪಾಗಿತ್ತು, ಗಾಳಿಯಂತ್ರಗಳು ತಿರುಗುತ್ತಿದ್ದವು. ಏನೋ ಹೇಳಬೇಕೆಂದು ತಿರುಗಿದರೆ ಆಕೆ ನನ್ನ ಹೆಗಲಿಗೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದಳು. ಎರಡು ದಿನವೂ ದಣಿವೆಂಬುದನ್ನು ತೋರಗೊಡದ ಮುಖ ಈಗ ಎಳೆ ಮಗುವಿನ ಮುಖದಂತೆ ಕಾಣುತ್ತಿತ್ತು. ಡಂಬಳದ ಹತ್ತಿರ ರಸ್ತೆ ಕೆಟ್ಟಿತ್ತು. “ಸಾವಕಾಶ ಹೊಡೀರಿ,” ಎಂದು ಚಾಲಕನಿಗೆ ಮೆಲ್ಲಗೆ ಹೇಳಿದೆ.