ಬೀದಿಯ ನಡುವೆ ಹಾದ ಗಡಿ

ಆ ಕಾಲದಲ್ಲಿ ಟೈಲರಕ್ಕನ ಹೊಲಿಗೆ ಅಂಗಡಿ ಬೀದಿಯ ಈ ಬದಿಗಿದ್ದರೆ, ವಾಚಣ್ಣನ ಗಡಿಯಾರ ರಿಪೇರಿಯ ಗೂಡು ಆ ಬದಿಗಿತ್ತು. ರಾಜಕೀಯದ ಮಾತು ಬಂತೆಂದರೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆಕೆ ಅಪ್ಪನ ಕಾಲದಿಂದಲೂ ಆಳುವ ಪಕ್ಷದವಳು, ಆತ ವಿರೋಧ ಪಕ್ಷದವನು. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಆಚೆಯಿಂದ ಈಚೆಗೆ ಜಗಳ ಶುರು. ನಡುವೆ ಹೋಗುವ ಸೈಕಲ್‌ನವರೂ ತಮ್ಮದೊಂದು ಮಾತು ಸೇರಿಸಿ ಮುಂದೆ ಹೋಗುತ್ತಿದ್ದರು. ಬೀದಿಗೆ ಅದೇ ರೇಡಿಯೊ.

ಒಂದು ವರ್ಷ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸಿದರು. ಗುರುತಿಸಿದ್ದು ಬಹುಮತವಿದ್ದ ಟೈಲರಕ್ಕನ ಪಕ್ಷವೇ. ಗಡಿ ಸರಿಯಾಗಿ ಬೀದಿಯ ನಡುವೆ ಹಾದುಹೋಯಿತು. ವಿರೋಧಿಗಳೇ ಹೆಚ್ಚಿದ್ದ ಎದುರು ಸಾಲನ್ನು ಕಿತ್ತು, ತಮ್ಮವರೇ ತುಂಬಿದ್ದ ನದಿಯಾಚೆಯ ಕ್ಷೇತ್ರಕ್ಕೆ ಅಂಟಿಸಿದ್ದರು. ಮುಂದಿನ ಚುನಾವಣೆಯಲ್ಲಿ ಎರಡು ಕಡೆಯೂ ಆಕೆಯ ಪಕ್ಷವೇ ಗೆದ್ದಿತು.

"ಏನ್ ವಾಚಣ್ಣಾ, ಬಾಯಿಗೆ ಬೀಗ ಹಾಕ್ಕೊಂಡ್ರಾ?" ಎಂದು ಕೂಗಿದಳು ಟೈಲರಕ್ಕ.

ಆತ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. "ಇನ್ನು ಏನಂತ ಜಗಳ ಆಡೋದು ಟೈಲರಕ್ಕಾ? ನಾನು ಓಟು ಹಾಕಿದ್ರೂ ಒಂದೇ, ಮನೇಲಿ ಮಲಗಿದ್ರೂ ಒಂದೇ. ನಿಮ್ಮೋರು ಹಾಗೆ ಮಾಡಿಟ್ಟಿದ್ದಾರೆ."

ಸಿಟ್ಟಿನಿಂದ ಹೇಳಿದ್ದರೆ ಆಕೆ ತಿರುಗಿ ಅಂದುಬಿಡುತ್ತಿದ್ದಳೇನೋ. ಆತ ತಣ್ಣಗೆ ಹೇಳಿ ಕೆಲಸಕ್ಕೆ ಬಗ್ಗಿದ್ದ. ಅಂದು ಆಕೆ ಒಂದೇ ಕಾಲರನ್ನು ಎರಡು ಸಲ ಬಿಚ್ಚಿ ಹೊಲಿದಳು. ಮರುದಿನದಿಂದ ಬೀದಿ ಭಣಭಣ.

ಕೆಲವು ತಿಂಗಳ ನಂತರ, ನಿವೃತ್ತರಾಗಿದ್ದ ಟೀಚರಮ್ಮ ಸಹಿ ಕೇಳುತ್ತಾ ಬಂದರು. ಗಡಿ ಎಳೆಯುವ ಕೆಲಸ ರಾಜಕಾರಣಿಗಳಿಗೆ ಬೇಡ, ಯಾವ ಪಕ್ಷಕ್ಕೂ ಸೇರದ ನಾಗರಿಕರ ಸಮಿತಿಗೆ ಇರಲಿ. ಅದನ್ನು ಜನಮತಕ್ಕೆ ಹಾಕಿ, ಜನರೇ ಓಟು ಹಾಕಿ ತೀರ್ಮಾನಿಸಲಿ ಎಂಬ ಬೇಡಿಕೆ. ಟೈಲರಕ್ಕ ಸಹಿ ಹಾಕಿದ್ದಲ್ಲದೆ ಒಂದು ಕಟ್ಟು ಹಾಳೆಯನ್ನೂ ಇಸಿದುಕೊಂಡಳು.

ಪಕ್ಷದಲ್ಲಿ ಓಡಾಡಿಕೊಂಡಿದ್ದ ತಮ್ಮ ಉರಿದುಬಿದ್ದ. "ಅಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ? ಗೆದ್ದಿರೋದು ನಾವು ಕಣೇ!"

"ಗೆದ್ದಿರೋದು ನೀವಲ್ಲ ಕಣೋ, ನೀವು ಎಳೆದ ಗೆರೆ."

ಆತ ಬಹಳ ದಿನ ಅಕ್ಕನ ಮನೆ ಹೊಸ್ತಿಲು ತುಳಿಯಲಿಲ್ಲ.

ಆ ಬೇಸಿಗೆ ಆಕೆ ಬೀದಿ ದಾಟಿ ಹೋಗಿ ವಾಚಣ್ಣನನ್ನೂ ಹೊರಡಿಸಿಕೊಂಡು ಮನೆಮನೆ ಅಲೆದಳು. ತನ್ನ ಪಕ್ಷದವರ ಮನೆಯಲ್ಲಿ ಆಕೆಯ ಮಾತು, ಅವನ ಪಕ್ಷದವರ ಮನೆಯಲ್ಲಿ ಅವನದು. ಒಂದು ಕಟ್ಟಡದ ಮೆಟ್ಟಿಲ ಮೇಲೆ ಹಳೇ ಮಂತ್ರಿಯೊಬ್ಬನ ವಿಷಯಕ್ಕೆ ಇಬ್ಬರೂ ಜೋರಾಗಿ ಕಿತ್ತಾಡುತ್ತಿದ್ದಾಗ ಹೆಂಗಸೊಬ್ಬಳು ಬಾಗಿಲು ತೆರೆದಳು. "ಮೊದಲು ನೀವಿಬ್ರೂ ಒಂದು ತೀರ್ಮಾನಕ್ಕೆ ಬನ್ನಿ!"

"ಅದಾಗಲ್ಲ ತಾಯಿ," ಎಂದ ವಾಚಣ್ಣ. "ನೆಟ್ಟಗೆ ಜಗಳ ಆಡೋಕೆ ಒಂದೇ ಕ್ಷೇತ್ರ ಬೇಕು. ಅದಕ್ಕೇ ಬಂದಿರೋದು."

ಆ ಹೆಂಗಸು ನಗುತ್ತಲೇ ಸಹಿ ಹಾಕಿದಳು.

ಮೊದಲ ಸಲ ಅಧಿಕಾರಿಗಳು ಸಹಿಗಳಲ್ಲಿ ಏನೋ ಕೊಂಕು ತೆಗೆದು ಅರ್ಜಿಯನ್ನು ತಳ್ಳಿಹಾಕಿದರು. ಮತ್ತೆ ಮೊದಲಿಂದ ಅಲೆದರು. ಎರಡನೇ ಸಲ ಜನಮತ ನಡೆದು, ಬೇಡಿಕೆ ಗೆದ್ದು, ಸಮಿತಿಯೂ ಆಯಿತು. ಶಾಲೆಯ ಹಾಲ್‌ನಲ್ಲಿ ಸಮಿತಿ ಅಹವಾಲು ಕೇಳಿದಾಗ ಟೈಲರಕ್ಕ ಎದ್ದು ನಿಂತಳು. "ನಮ್ಮ ಬೀದಿಗೆ ನೀರು ಒಂದೇ ಪೈಪಲ್ಲಿ ಬರುತ್ತೆ. ಪೈಪ್ ಒಡೆದ್ರೆ ಎರಡೂ ಕಡೆ ಒಣಗುತ್ತೆ. ದೂರು ಹೇಳೋಕೆ ಮಾತ್ರ ಇಬ್ಬರು ಶಾಸಕರು ಯಾಕೆ ಸ್ವಾಮಿ?"

ಹೊಸ ನಕ್ಷೆಯಲ್ಲಿ ಬೀದಿ ಒಂದಾಯಿತು. ಮುಂದಿನ ಚುನಾವಣೆಯಲ್ಲಿ ಆಕೆಯ ಪಕ್ಷ ಸೋತಿತು.

"ಈಗ ಸಮಾಧಾನ ಆಯ್ತಾ?" ಎಂದು ಕೇಳಲೆಂದೇ ತಮ್ಮ ಬಂದ.

"ಹೊಟ್ಟೆ ಉರೀತಿದೆ ಕಣೋ. ಆದ್ರೆ ಮುಖ ಎತ್ತಿಕೊಂಡು ಸೋತಿದ್ದೀವಿ. ಬಾ, ಕೈ ತೊಳ್ಕೋ, ಊಟ ಮಾಡು."

ವಾಚಣ್ಣ ತೀರಿಹೋಗಿ ವರ್ಷಗಳಾದವು. ಆ ಗೂಡು ಈಗ ಮೊಬೈಲ್ ಅಂಗಡಿ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಟೈಲರಕ್ಕನಿಗೆ ಗೆಲುವು ಸೋಲು ಯಾವುದೂ ನೆನಪಾಗುವುದಿಲ್ಲ. ಮೂರನೇ ಮಹಡಿಯ ಮೆಟ್ಟಿಲಲ್ಲಿ ಮಂಡಿ ನೀವಿಕೊಳ್ಳುತ್ತಾ ಕೂತು, ಇಬ್ಬರೂ ಒಂದೇ ಬಾಟಲಿಯ ನೀರನ್ನು ಎತ್ತಿ ಕುಡಿಯುತ್ತಿದ್ದುದು ನೆನಪಾಗುತ್ತದೆ. ಅಷ್ಟು ನಕ್ಕ ಬೇಸಿಗೆ ಮತ್ತೆ ಬರಲಿಲ್ಲ.